ಸ್ಟಾಪರ್ ಆಗಬೇಕಾ? ಕಲಬುರಗಿಯಿಂದಲೇ ಶುರು ಮಾಡು

ಕಲಬುರಗಿಯ ಎನ್.ವಿ. ಮೈದಾನಕ್ಕೆ ಹೊಸದಾಗಿ ಬರುವ ಹುಡುಗರನ್ನು "ಎಲ್ಲಿ ಆಡ್ತೀಯಪ್ಪಾ?" ಎಂದು ಕೇಳಿದರೆ ಎಲ್ಲರೂ ಫಾರ್ವರ್ಡ್ ಅನ್ನುತ್ತಾರೆ. ಪೇಪರಿನಲ್ಲಿ ಬರುವುದು ಗೋಲು ಹೊಡೆದವನ ಹೆಸರು, ಅದಕ್ಕೇ. ನಾನು ಬೆಂಗಳೂರಿನ ಎ ಡಿವಿಜನ್‌ನಲ್ಲಿ ಸ್ಟಾಪರ್, ಅಂದರೆ ಗೋಲಿನ ಮುಂದೆ ನಡುವೆ ನಿಂತು ತಡೆಯುವ ಡಿಫೆಂಡರ್ ಆಗಿ ಆಡಿ ಬಂದವನು. ಈಗ ಊರಲ್ಲಿ ಮಕ್ಕಳಿಗೆ ಕಲಿಸುತ್ತೇನೆ. ಫುಟ್‌ಬಾಲ್‌ನಿಂದಲೇ ಹೊಟ್ಟೆ ತುಂಬಬೇಕು ಎನ್ನುವ ಆಸೆ ಇದ್ದರೆ ಹಿಂದೆ ಆಡುವುದನ್ನು ಕಲಿ ಎನ್ನುತ್ತೇನೆ. 2021ರಿಂದ ದೇಶದ ದೊಡ್ಡ ಕ್ಲಬ್ ಲೀಗ್ ಐಎಸ್‌ಎಲ್‌ನಲ್ಲಿ ಒಂದು ತಂಡ ಒಮ್ಮೆಗೆ ನಾಲ್ವರು ವಿದೇಶಿಯರನ್ನಷ್ಟೇ ಆಡಿಸಬಹುದು. ಆ ಜಾಗಗಳು ಹೆಚ್ಚಾಗಿ ಮುಂದಿನವರಿಗೆ, ನಡುವಿನವರಿಗೆ, ಒಬ್ಬ ಸ್ಟಾಪರ್‌ಗೆ ಹೋಗುತ್ತವೆ. ಎರಡು ಪಕ್ಕ ಕಾಯುವ ರೈಟ್ ಬ್ಯಾಕ್, ಲೆಫ್ಟ್ ಬ್ಯಾಕ್ ಬಹುತೇಕ ನಮ್ಮವರೇ. ನೀನು ಎಡಗಾಲಿನವನಾದರೆ ಇನ್ನೂ ಒಳ್ಳೆಯದು.

ಎತ್ತರ ಕಡಿಮೆ ಅಂತ ಬೇಜಾರು ಬೇಡ. 2006ರಲ್ಲಿ ಇಟಲಿ ನಾಯಕನಾಗಿ ವಿಶ್ವಕಪ್ ಎತ್ತಿ, ಅದೇ ವರ್ಷ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್ ಗೆದ್ದ ಕ್ಯಾನವಾರೊ ಐದು ಅಡಿ ಒಂಬತ್ತು ಇಂಚಿನ ಆಸುಪಾಸಿನವನು. ಆದರೂ ನಮ್ಮಲ್ಲಿ ಆಯ್ಕೆ ಮಾಡುವವರು ಸ್ಟಾಪರ್ ಅಂದ ಕೂಡಲೇ ಎತ್ತರ ನೋಡುತ್ತಾರೆ. ಹಾಗಾಗಿ ಸೈಡ್ ಬ್ಯಾಕ್ ಆಟವನ್ನೂ ಕಲಿತಿರು.

ಮೊದಲ ಪಾಠ ನಿಲ್ಲುವುದು. ಎದುರಾಳಿ ಬಾಲ್ ಹಿಡಿದಾಗ ಅವನ ಹತ್ತಿರಕ್ಕೆ ಜೋರಾಗಿ ಓಡು, ಕೊನೆಯ ಮೂರ್ನಾಲ್ಕು ಹೆಜ್ಜೆ ಮಾತ್ರ ಸಣ್ಣದು ಮಾಡು. ಒಂದೂವರೆ ಮೀಟರ್ ದೂರದಲ್ಲಿ ನಿಲ್ಲು. ಎದೆ ಕೊಟ್ಟು ನೇರ ನಿಂತರೆ ಬಾಲ್ ಕಾಲುಗಳ ನಡುವೆ ಹೋಗುತ್ತದೆ, ತಿರುಗಲೂ ತಡವಾಗುತ್ತದೆ. ಅರ್ಧ ಪಕ್ಕಕ್ಕೆ ತಿರುಗು, ಮಂಡಿ ಬಾಗಿಸು, ಮುಂಗಾಲ ಮೇಲೆ ಭಾರ ಹಾಕು. ಕಣ್ಣು ಬಾಲ್ ಮೇಲೇ ಇರಲಿ. ಅವನ ಸೊಂಟ, ಹೆಗಲು ಎಷ್ಟಾದರೂ ಕುಣಿಯಲಿ, ಬಾಲ್ ಅಲುಗದೆ ನೀನು ಅಲುಗಬೇಡ. ಹೀಗೇ ಹಿಂದೆ ಸರಿಯುತ್ತಾ ಅವನನ್ನು ಸೈಡ್ ಲೈನ್ ಕಡೆಗೆ, ಅವನ ದುರ್ಬಲ ಕಾಲಿನ ಕಡೆಗೆ ಕಳಿಸು.

ಕಾಲು ಹಾಕುವುದು ಯಾವಾಗ? ಬಾಲ್ ಅವನ ಕಾಲಿನಿಂದ ಸ್ವಲ್ಪ ಉದ್ದ ಹೋದಾಗ. ಅವನು ನಿನಗೆ ಬೆನ್ನು ಕೊಟ್ಟು ಬಾಲ್ ತಗೊಳ್ಳುವಾಗ. ಇಲ್ಲವೇ ನಿನ್ನ ಹಿಂದೆ ಕವರ್ ಕೊಡಲು ಜೊತೆಗಾರ ಬಂದು ನಿಂತಾಗ. ಉಳಿದ ಹೊತ್ತು ಸುಮ್ನೆ ತಡೆದು ನಿಲ್ಲು. ನೆಲಕ್ಕೆ ಬಿದ್ದ ಡಿಫೆಂಡರ್ ಅಷ್ಟು ಹೊತ್ತು ಆಟದಲ್ಲೇ ಇಲ್ಲ. ನಮ್ಮ ಕಡೆಯ ಮೈದಾನಗಳಲ್ಲಿ ಹುಲ್ಲು ಕಡಿಮೆ, ಬೇಸಿಗೆಯಲ್ಲಿ ನೆಲ ಕಲ್ಲಿನ ಹಾಗೆ. ಜಾರಿ ಟ್ಯಾಕಲ್ ಮಾಡಿದರೆ ತೊಡೆ ಚರ್ಮ ಕಿತ್ತು ಬರುತ್ತದೆ. ಇದನ್ನು ಕೊರತೆ ಎಂದುಕೊಳ್ಳಬೇಡ. ನಿಂತೇ ಆಡುವ ರೂಢಿ ಇಲ್ಲಿನ ಮಕ್ಕಳಿಗೆ ತಾನಾಗಿ ಬರುತ್ತದೆ, ಅದು ದೊಡ್ಡ ಆಸ್ತಿ.

ಇದಕ್ಕೆ ಒಂದು ಅಭ್ಯಾಸ ಹೇಳುತ್ತೇನೆ. ಹತ್ತು ಹೆಜ್ಜೆ ಅಗಲ, ಹದಿನೈದು ಹೆಜ್ಜೆ ಉದ್ದದ ಜಾಗಕ್ಕೆ ಚಪ್ಪಲಿ ಇಟ್ಟು ಗುರುತು ಮಾಡು. ಒಬ್ಬ ಬಾಲ್ ತಗೊಂಡು ಆ ಕಡೆ ದಾಟಬೇಕು. ನೀನು ಬಾಲ್ ಕಸಿಯಲೇಬೇಕು ಅಂತಿಲ್ಲ, ಆರು ಎಣಿಸುವವರೆಗೆ ತಡೆದರೆ ನೀನೇ ಗೆದ್ದ ಹಾಗೆ. ಪಂದ್ಯದಲ್ಲಿ ಅಷ್ಟು ಹೊತ್ತಿಗೆ ಜೊತೆಗಾರ ಬಂದಿರುತ್ತಾನೆ, ಅಲ್ವಾ?

1992ರಿಂದ, ನಮ್ಮವರು ಕಾಲಿನಿಂದ ಬೇಕೆಂದೇ ಕೊಟ್ಟ ಬಾಲನ್ನು ಗೋಲ್‌ಕೀಪರ್ ಕೈಯಲ್ಲಿ ಹಿಡಿಯುವಂತಿಲ್ಲ. ಅವತ್ತಿನಿಂದ ಡಿಫೆಂಡರ್‌ಗೂ ಎರಡೂ ಕಾಲಿನ ಪಾಸ್ ಬೇಕೇ ಬೇಕು. ಶಾಲೆಯ ಗೋಡೆ ಸಾಕು. ದಿನಾ ಎಡಗಾಲಿಗೆ ಜಾಸ್ತಿ ಹೊತ್ತು ಕೊಡು. ಹೆಡ್ ಮಾಡುವಾಗ ಕಣ್ಣು ತೆರೆದಿರಲಿ, ಹಣೆಯಿಂದಲೇ ಹೊಡಿ. ಚಿಕ್ಕ ಮಕ್ಕಳು ಹಗುರ ಬಾಲ್‌ನಲ್ಲಿ ಕಲಿತರೆ ಸಾಕು. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ಸ್ಟಾಪರ್ ಜರ್ನೈಲ್ ಸಿಂಗ್ ತಲೆಗೆ ಹೊಲಿಗೆ ಹಾಕಿಸಿಕೊಂಡ ಮೇಲೆ ಫಾರ್ವರ್ಡ್ ಆಗಿ ಇಳಿದರು. ದಕ್ಷಿಣ ಕೊರಿಯಾ ಮೇಲೆ 2-1ರಿಂದ ಗೆದ್ದ ಫೈನಲ್‌ನಲ್ಲಿ ಒಂದು ಗೋಲು ಅವರದ್ದು. ಇದನ್ನು ಹೇಳುವಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಆದರೆ ಈಗಿನ ಕಾಲದಲ್ಲಿ ತಲೆಗೆ ಪೆಟ್ಟು ಬಿದ್ದರೆ ಹೊರಗೆ ಬರಲೇಬೇಕು, ಅದರಲ್ಲಿ ಮಾತಿಲ್ಲ.

ರೂಲ್ಸ್ ಓದು. ಥ್ರೋ-ಇನ್‌ನಲ್ಲಿ ಆಫ್‌ಸೈಡ್ ಇಲ್ಲ. ಇದು ಮರೆತು ಕೈ ಎತ್ತಿ ನಿಂತು ಗೋಲು ಬಿಟ್ಟ ತಂಡಗಳನ್ನು ಜಿಲ್ಲಾ ಪಂದ್ಯಗಳಲ್ಲಿ ಬೇಕಾದಷ್ಟು ನೋಡಿದ್ದೇನೆ. ಗೋಲಿನ ಕಡೆ ಒಬ್ಬನೇ ಓಡುತ್ತಿರುವವನ ಅಂಗಿ ಜಗ್ಗಿ ಅವಕಾಶ ತಪ್ಪಿಸಿದರೆ ಎಲ್ಲೇ ಆದರೂ ರೆಡ್ ಕಾರ್ಡ್. ಮಾತಾಡುತ್ತಲೂ ಇರಬೇಕು. ನಮ್ಮಲ್ಲಿ ಒಂದೇ ತಂಡದೊಳಗೆ ಕನ್ನಡ, ಉರ್ದು, ಹಿಂದಿ ಮೂರೂ ಓಡುತ್ತವೆ. "ನಂದು", "ಬಿಡು", "ಹಿಂದೆ ಇದ್ದಾನೆ", ಈ ಮೂರಕ್ಕೆ ಯಾವ ಪದ ಅಂತ ಪಂದ್ಯಕ್ಕೆ ಮೊದಲೇ ಮಾತಾಡಿಕೊಳ್ಳಿ.

ಬೇಸಿಗೆಯಲ್ಲಿ ಬಿಸಿಲು 42 ಡಿಗ್ರಿ ದಾಟುವ ಊರು ನಮ್ಮದು. ಬೆಳಿಗ್ಗೆ ಏಳೂವರೆಗೆ ಅಭ್ಯಾಸ ಮುಗಿಸು. ಉಪ್ಪು ಹಾಕಿದ ಮಜ್ಜಿಗೆ ಕುಡಿ. ಜೋಳದ ರೊಟ್ಟಿ, ತೊಗರಿ ಬೇಳೆ, ಶೇಂಗಾ ಹಿಂಡಿ, ಮೊಟ್ಟೆ ಇದ್ದರೆ ಡಬ್ಬದ ಪ್ರೋಟೀನ್ ಪುಡಿ ಬೇಕಿಲ್ಲ.

ಇನ್ನು ದಾರಿ. ಶಾಲಾ ಕ್ರೀಡಾಕೂಟ ತಾಲ್ಲೂಕು, ಜಿಲ್ಲೆ, ಕಲಬುರಗಿ ವಿಭಾಗ, ರಾಜ್ಯ ಅಂತ ಮೇಲೇರುತ್ತದೆ. ಕಾಲೇಜಿಗೆ ಹೋದರೆ ಗುಲಬರ್ಗಾ ವಿಶ್ವವಿದ್ಯಾಲಯದ ತಂಡಕ್ಕೆ ಪ್ರಯತ್ನಿಸು. ಅಂತರ ವಿಶ್ವವಿದ್ಯಾಲಯ ಪಂದ್ಯದ ಸರ್ಟಿಫಿಕೇಟ್ ಮುಂದೆ ಕ್ರೀಡಾ ಕೋಟಾದಲ್ಲಿ ಕೆಲಸಕ್ಕೆ ಬರುತ್ತದೆ. ಪ್ರತಿ ಸರ್ಟಿಫಿಕೇಟನ್ನೂ ಒಂದು ಫೈಲಿನಲ್ಲಿ ಇಡು. ಅಪ್ಪ ಅವ್ವನಿಗೆ ಒಂದು ಮಾತು: ಜನನ ಪ್ರಮಾಣಪತ್ರ, ಶಾಲೆ ದಾಖಲೆ, ಆಧಾರ್ ಮೂರರಲ್ಲೂ ಹುಟ್ಟಿದ ತಾರೀಕು ಒಂದೇ ಇರಲಿ. ಸಣ್ಣ ವಯಸ್ಸಿನ ತಂಡಕ್ಕೆ ಸೇರಿಸಲು ವರ್ಷ ಕಡಿಮೆ ಬರೆಸಿದರೆ, ಸಿಕ್ಕಿಬಿದ್ದ ದಿನ ಮಗುವಿನ ಆಟ ನಿಲ್ಲುತ್ತದೆ.

ಹದಿನೇಳು ಹದಿನೆಂಟಕ್ಕೆ ಬೆಂಗಳೂರಿಗೆ ಹೋಗಲೇಬೇಕು. ಅಲ್ಲಿನ ಡಿವಿಜನ್ ಲೀಗ್‌ಗಳಲ್ಲಿ ಸೂಪರ್ ಡಿವಿಜನ್‌ವರೆಗೆ ಏರಿದವನು ರಾಜ್ಯ ತಂಡದವರ ಕಣ್ಣಿಗೆ ಬೀಳುತ್ತಾನೆ. 2023ರಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷಗಳ ನಂತರ ಕರ್ನಾಟಕ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಿತು. ಟ್ರಯಲ್‌ಗೆ ಹೋಗುವಾಗ ಉದ್ಯಾನ್ ಎಕ್ಸ್‌ಪ್ರೆಸ್ ಇಳಿದು ನೇರ ಮೈದಾನಕ್ಕೆ ಹೋಗಬೇಡ. ಒಂದು ದಿನ ಮುಂಚೆ ತಲುಪಿ ಚೆನ್ನಾಗಿ ನಿದ್ದೆ ಮಾಡು. ನಮ್ಮ ಗಟ್ಟಿ ನೆಲದಲ್ಲಿ ಬಾಲ್ ಪುಟಿದು ಬರುತ್ತದೆ, ಅಲ್ಲಿನ ಟರ್ಫ್‌ನಲ್ಲಿ ಜಾರಿಕೊಂಡು ಬೇಗ ಬರುತ್ತದೆ. ಸಾಧ್ಯವಾದರೆ ಮೊದಲೇ ಒಮ್ಮೆ ಟರ್ಫ್ ಮೇಲೆ ಆಡಿ ನೋಡು. ಕೋಚ್ ಕೇಳಿದಾಗ ಒಂದೇ ಜಾಗ ಹೇಳು. ಮೊದಲ ಕೆಲವು ಪಾಸ್ ಹತ್ತಿರದವರಿಗೆ ಸಲೀಸಾಗಿ ಕೊಡು.

ಗಾಯಕ್ಕೆ ಹೆದರಬೇಡ, ಮುಚ್ಚಿಡಲೂ ಬೇಡ. ಭಾರತದ ಸ್ಟಾಪರ್ ಸಂದೇಶ್ ಝಿಂಗನ್ 2019ರಲ್ಲಿ ಮಂಡಿ ಗಾಯದಿಂದ ಇಡೀ ಸೀಸನ್ ಕಳೆದುಕೊಂಡರು. ಪೂರ್ತಿ ಗುಣವಾದ ಮೇಲೆಯೇ 2020ರಲ್ಲಿ ಕ್ಲಬ್ ಆಟಕ್ಕೆ ಮರಳಿದರು, ಭಾರತ ತಂಡದ ಡಿಫೆನ್ಸನ್ನು ಮತ್ತೆ ಹೊತ್ತರು. ನೋವಿಗೆ ಇಂಜೆಕ್ಷನ್ ಹಾಕಿಸಿಕೊಂಡು ಒಂದು ಪಂದ್ಯ ಆಡು ಎನ್ನುವವರ ಮಾತು ಕೇಳಬೇಡ.

ದುಡ್ಡಿನ ವಿಷಯ ನೇರವಾಗಿ ಹೇಳುತ್ತೇನೆ. 2025ರ ಜುಲೈನಲ್ಲಿ ಐಎಸ್‌ಎಲ್ ಸೀಸನ್ನನ್ನೇ ತಡೆಹಿಡಿದರು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಮೊದಲ ತಂಡದ ಸಂಬಳ ನಿಲ್ಲಿಸಿತು. ಸುನಿಲ್ ಛೆಟ್ರಿ ಆಡುತ್ತಿದ್ದ ಕ್ಲಬ್‌ನಲ್ಲೇ ಹೀಗಾಯಿತು. ಅದಕ್ಕೆ ಡಿಗ್ರಿ ಬಿಡಬೇಡ. ಕಾಂಟ್ರಾಕ್ಟ್ ಬಂದರೆ ಓದಿ ತಿಳಿಸುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಹಿ ಹಾಕು: ಎಷ್ಟು ತಿಂಗಳ ಸಂಬಳ, ಗಾಯವಾದರೆ ಆಸ್ಪತ್ರೆ ಖರ್ಚು ಯಾರದು, ಏಜೆಂಟ್‌ಗೆ ಎಷ್ಟು ಪಾಲು. ರೈಲ್ವೆ, ಪೊಲೀಸ್, ಸೈನ್ಯದ ತಂಡಗಳಿಂದ ಕರೆ ಬಂದರೆ ಸಣ್ಣದೆಂದು ತಳ್ಳಬೇಡ. ಆಡುತ್ತಿರುವಾಗಲೇ ಡಿ ಲೈಸೆನ್ಸ್ ಕೋಚಿಂಗ್ ಕೋರ್ಸ್ ಮುಗಿಸಿಕೋ, ನಂತರ ಸಿ, ಬಿ ಅಂತ ಮುಂದೆ ಓದಬಹುದು. ಲೈಸೆನ್ಸ್ ಇರುವ ಕೋಚ್‌ಗಳು ಕಲಬುರಗಿಗೂ ಬೀದರಿಗೂ ಯಾದಗಿರಿಗೂ ಇನ್ನೂ ಬೇಕಾಗಿದ್ದಾರೆ.