ಹೊರಗೆ ನಮ್ಮ ಟ್ಯಾಗ್, ಒಳಗೆ ಅವರದು: ಬೆಳಗಾವಿಯಲ್ಲಿ ಕ್ಯೂ-ಇನ್-ಕ್ಯೂ ಹಾಕಿದ ಅನುಭವ

ಬೆಳಗಾವಿಯ ಒಂದು ಸಣ್ಣ ಇಂಟರ್ನೆಟ್ ಕಂಪನಿಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ಉದ್ಯಮಬಾಗದ ಫೌಂಡ್ರಿಯವರು ಮಚ್ಛೆಯಲ್ಲಿರುವ ತಮ್ಮ ಮಶೀನ್ ಶಾಪನ್ನು ಒಂದೇ ಲ್ಯಾನ್‌ನಂತೆ ಜೋಡಿಸಿಕೊಡಲು ಕೇಳಿದರು. ಅದೇ ಹೊತ್ತಿಗೆ ಒಂದು ಪತ್ತಿನ ಸಹಕಾರಿ ಸಂಘಕ್ಕೂ ಟಿಳಕವಾಡಿಯ ಮುಖ್ಯ ಕಚೇರಿಯಿಂದ ಶಹಾಪುರದ ಶಾಖೆಗೆ ಇಂಥದೇ ಲಿಂಕ್ ಬೇಕಿತ್ತು. ಒಂದೇ ಲ್ಯಾನನ್ನು ನಂಬರ್ ಕೊಟ್ಟು ಬೇರೆ ಬೇರೆ ಭಾಗ ಮಾಡಿದರೆ ಒಂದೊಂದೂ ಒಂದು ವಿಲ್ಯಾನ್. ಇಬ್ಬರಲ್ಲೂ ಕಂಪ್ಯೂಟರುಗಳಿಗೆ ವಿಲ್ಯಾನ್ 10, ಕ್ಯಾಮೆರಾಗಳಿಗೆ 20. ಇಬ್ಬರದೂ ಹೋಗಬೇಕಾದದ್ದು ನಮ್ಮ ಒಂದೇ ಫೈಬರ್ ರಿಂಗ್ ಮೇಲೆ. ನಂಬರ್ ಒಂದೇ ಆದ್ದರಿಂದ ಹಾಗೆಯೇ ಬಿಟ್ಟರೆ ಒಬ್ಬರದು ಇನ್ನೊಬ್ಬರದರಲ್ಲಿ ಬೆರೆಯುತ್ತದೆ.

ಗ್ರಾಹಕರಿಗೇ ನಂಬರ್ ಬದಲಿಸಿಕೊಳ್ಳಲು ಹೇಳುವವರಿದ್ದಾರೆ. ನನಗದು ಸರಿ ಕಾಣುವುದಿಲ್ಲ. ಫೌಂಡ್ರಿ ಮ್ಯಾನೇಜರರ ಮಾತು ನ್ಯಾಯವಾದದ್ದೇ: "ಸರ, ನಮ್ಮ ಮಶೀನು, ಕ್ಯಾಮೆರಾ ಎಲ್ಲಾ ಛಲೋ ನಡದಾವ್ರಿ. ಅದನ್ನ್ಯಾಕ ಕೆದಕೂದ್ರಿ?" ಮೇಲಾಗಿ ಫ್ರೇಮಿಗೆ (ಲ್ಯಾನ್‌ನಲ್ಲಿ ಓಡಾಡುವ ಮಾಹಿತಿಯ ಕಂತೆಗೆ) ಸೇರಿಸುವ ಟ್ಯಾಗಿನಲ್ಲಿ ವಿಲ್ಯಾನ್ ನಂಬರಿಗೆ ಇರುವ ಜಾಗ 12 ಬಿಟ್, ಅಂದರೆ 0ಯಿಂದ 4095ರವರೆಗಿನ ನಂಬರುಗಳು. ಬಳಸಲಾಗದ 0 ಮತ್ತು 4095 ಎಂಬ ಎರಡು ಬಿಟ್ಟರೆ ಉಳಿಯುವುದು 4094. ಒಬ್ಬೊಬ್ಬರಿಗೆ ಹತ್ತಿಪ್ಪತ್ತು ಹಂಚುತ್ತ ಹೋದರೆ ಊರಿಗೆ ಸಾಲುವುದಿಲ್ಲ.

ಹಾಗಾಗಿ ಕ್ಯೂ-ಇನ್-ಕ್ಯೂ ಹಾಕಿದೆ. ಗ್ರಾಹಕರ ಫ್ರೇಮ್ ನಮ್ಮ ಪೋರ್ಟಿಗೆ ಬಂದ ಕೂಡಲೇ, ಅವರ ಟ್ಯಾಗ್ ಮುಟ್ಟದೆ, ಅದರ ಹೊರಗೆ ನಮ್ಮದೊಂದು ಸೇರುತ್ತದೆ: ಫೌಂಡ್ರಿಗೆ 201, ಸಂಘಕ್ಕೆ 202. ನಡುವಿನ ನೆಟ್‌ವರ್ಕ್ ಸ್ವಿಚ್‌ಗಳು ಹೊರಗಿನದನ್ನಷ್ಟೇ ಓದುತ್ತವೆ. ಆಚೆ ತುದಿಯಲ್ಲಿ ಅದನ್ನು ಕಳಚಿದರೆ ಗ್ರಾಹಕರ 10, 20 ಇದ್ದಂತೆಯೇ ಕೈಸೇರುತ್ತವೆ.

ಕಾನ್ಫಿಗರೇಶನ್ ನಾಲ್ಕು ಸಾಲು. ಸಮಯ ತಿನ್ನುವುದು ಎಂಟಿಯು, ಅಂದರೆ ಒಂದು ಸಲಕ್ಕೆ ದಾಟಬಲ್ಲ ಕಂತೆಯ ಗರಿಷ್ಠ ಗಾತ್ರ. ಮಾಮೂಲಿ ಎತರ್ನೆಟ್ ಫ್ರೇಮ್ ಹೆಚ್ಚೆಂದರೆ 1518 ಬೈಟ್. ಒಂದು ಟ್ಯಾಗ್ ಸೇರಿದರೆ 1522, ಎರಡಾದರೆ 1526. ದಾರಿಯಲ್ಲಿ ಒಂದೇ ಒಂದು ಸ್ವಿಚ್ 1522ಕ್ಕೆ ನಿಂತಿದ್ದರೂ ಸಾಕು, ಪಿಂಗ್ (ಲಿಂಕ್ ಇದೆಯೇ ಎಂದು ನೋಡುವ, ಸಾಮಾನ್ಯವಾಗಿ ಪುಟ್ಟದಾದ ಪ್ಯಾಕೆಟ್) ಓಡುತ್ತದೆ, ಲಾಗಿನ್ ಪುಟ ತೆರೆಯುತ್ತದೆ, ದೊಡ್ಡ ಡ್ರಾಯಿಂಗ್ ಫೈಲ್ ಮಾತ್ರ ಅರ್ಧಕ್ಕೆ ನಿಲ್ಲುತ್ತದೆ. ಬರೀ ಪಿಂಗ್ ನೋಡಿ ಲಿಂಕ್ ಒಪ್ಪಿಸಬಾರದು ಎನ್ನುವುದು ಇದಕ್ಕೇ. ನಾನು ಗ್ರಾಹಕರ ವಿಲ್ಯಾನ್ ಒಳಗಿನಿಂದಲೇ, ಪ್ಯಾಕೆಟ್ ತುಂಡಾಗದ ಹಾಗೆ ಮಾಡಿ, 1472 ಬೈಟಿನ ಪಿಂಗ್ ಬಿಡುತ್ತೇನೆ. ಹೆಡರ್‌ಗಳ 28 ಸೇರಿ ಸರಿಯಾಗಿ 1500. ಮಚ್ಛೆ ಕಡೆಗೆ ಅದು ದಾಟಲಿಲ್ಲ, 1468 ದಾಟಿತು. ನಾಲ್ಕೇ ಬೈಟ್ ಕಡಿಮೆ ಅಂದರೆ ಒಂದು ಟ್ಯಾಗಿನ ಜಾಗ. ಒಂದೊಂದೇ ಸ್ವಿಚ್ಚಿನ ಕೌಂಟರ್ ನೋಡುತ್ತ ಹೋದಾಗ ನಡುವಿನ ಹಳೆಯದೊಂದರಲ್ಲಿ ಮಿತಿ ಮೀರಿದ ಫ್ರೇಮ್‌ಗಳ ಲೆಕ್ಕ ಏರುತ್ತಿತ್ತು. ಅದರ ಮಿತಿ ಬದಲಿಸಿದರೆ ರೀಬೂಟ್ ಆಗಲೇಬೇಕು, ಆದ್ದರಿಂದ ಆ ಕೆಲಸ ರಾತ್ರಿ ಮಾಡಿದೆವು.

ಇನ್ನೊಂದು ಅಪಾಯ ಇದಕ್ಕಿಂತ ಗಂಭೀರ, ಏಕೆಂದರೆ ಅದು ಕಾಣುವುದೇ ಇಲ್ಲ. ಕ್ಯೂ-ಇನ್-ಕ್ಯೂನ ಮಾನದಂಡವಾದ 802.1ಎಡಿ ಪ್ರಕಾರ ಹೊರಗಿನ ಟ್ಯಾಗಿನ ಗುರುತು 88ಎ8, ಒಳಗಿನದು 8100. ನಮ್ಮಲ್ಲಿ ಹಳೆಯ ಸ್ವಿಚ್‌ಗಳೂ ಇರುವುದರಿಂದ ಎರಡಕ್ಕೂ 8100 ಇಟ್ಟಿದ್ದೇವೆ. ಹೀಗಿದ್ದಾಗ ಟ್ರಂಕಿನ (ಸ್ವಿಚ್‌ಗಳ ನಡುವಿನ ಲಿಂಕಿನ) ನೇಟಿವ್ ವಿಲ್ಯಾನ್, ಅಂದರೆ ಟ್ಯಾಗ್ ಇಲ್ಲದೆ ಕಳಿಸುವ ವಿಲ್ಯಾನ್, ಏನಾದರೂ 201 ಆಗಿದ್ದರೆ ಹೊರಗಿನ ಟ್ಯಾಗ್ ಇಲ್ಲದೆಯೇ ಫ್ರೇಮ್ ಹೊರಡುತ್ತದೆ. ಮುಂದಿನ ಸ್ವಿಚ್ಚಿಗೆ ಕಾಣುವುದು ಫೌಂಡ್ರಿಯ 10. ಅದನ್ನು ನಮ್ಮದೇ 10 ಎಂದು ತಿಳಿದು ಅಲ್ಲಿಗೆ ಸುರಿಯುತ್ತದೆ. ಬೇರ್ಪಡಿಸುವ ಉದ್ದೇಶವೇ ಮಣ್ಣುಪಾಲು. ಆದ್ದರಿಂದ ಎಲ್ಲ ಟ್ರಂಕುಗಳಲ್ಲೂ ನೇಟಿವ್‌ಗೂ ಟ್ಯಾಗ್ ಕಡ್ಡಾಯ ಮಾಡಿ, ಗ್ರಾಹಕರಿಗೆ ಕೊಡುವ ನಂಬರುಗಳನ್ನು ಬೇರೆಯೇ ಇಟ್ಟಿದ್ದೇವೆ. ಲೂಪ್ ತಡೆಯಲು ಗ್ರಾಹಕರ ಸ್ವಿಚ್‌ಗಳು ಕಳಿಸುವ ಸ್ಪ್ಯಾನಿಂಗ್ ಟ್ರೀ ಪ್ಯಾಕೆಟ್‌ಗಳೂ ನಮ್ಮ ರಿಂಗಿಗೆ ಸೇರಕೂಡದು. ಬೇಕೆಂದವರಿಗೆ ಟನಲ್ ಮಾಡಿ ಆಚೆ ತುದಿಗೆ ದಾಟಿಸುತ್ತೇವೆ, ಉಳಿದವರಿಗೆ ಪೋರ್ಟಿನಲ್ಲೇ ತಡೆ.

ಲಿಂಕ್ ಒಪ್ಪಿಸುವ ದಿನ ಸಂಘದ ಕಾರ್ಯದರ್ಶಿಗಳು ಕೇಳಿದರು, "ಹಂಗಾದ್ರ ನಮ್ಮ ಲೆಕ್ಕ ಯಾರಿಗೂ ಕಾಣ್ಸೂದಿಲ್ಲಲ್ರಿ?" ಬೇರೆ ಗ್ರಾಹಕರಿಗೆ ಕಾಣುವುದಿಲ್ಲ, ಆದರೆ ನಮ್ಮ ಸ್ವಿಚ್ ಕೈಯಲ್ಲಿರುವವರು ಮನಸ್ಸು ಮಾಡಿದರೆ ಕಾಣುತ್ತದೆ, ಟ್ಯಾಗ್ ಎಂದರೆ ಎನ್‌ಕ್ರಿಪ್ಶನ್ ಅಲ್ಲ ಎಂದು ಬಿಚ್ಚಿ ಹೇಳಿದೆ. ಎರಡೂ ಕಚೇರಿಗಳ ರೂಟರುಗಳ ನಡುವೆ ಐಪಿಸೆಕ್ ಎಂಬ ಎನ್‌ಕ್ರಿಪ್ಶನ್ ಹಾಕಿಸಿಕೊಂಡ ಮೇಲೆಯೇ ಅವರು ಲೆಕ್ಕದ ಸರ್ವರನ್ನು ಈ ಲಿಂಕಿಗೆ ತಂದರು.