ಬಿಟ್ಟುಹೋದವರನ್ನು ಹುಡುಕಿದ ಬಗೆ: ಕಾಲೇಜಿನ ಟಿಪ್ಪಣಿಗಾಗಿ ಮೂರು ಕ್ಷೇತ್ರಗಳ ಓದು

ಮಂಡ್ಯ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರ ಪ್ರಥಮ ದರ್ಜೆ ಕಾಲೇಜಿನಲ್ಲಿ ನಾನು ಸಮಾಜಶಾಸ್ತ್ರ ಬೋಧಿಸುತ್ತೇನೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡದ ಭೇಟಿಗೆ ಸಿದ್ಧತೆ ನಡೆಯುತ್ತಿದ್ದಾಗ, ಮೊದಲ ಸೆಮಿಸ್ಟರ್‌ಗೆ ಸೇರಿದವರಲ್ಲಿ ಅನೇಕರು ಮೂರನೆಯ ಸೆಮಿಸ್ಟರ್ ಹೊತ್ತಿಗೆ ತರಗತಿಯಲ್ಲಿ ಏಕೆ ಇರುವುದಿಲ್ಲ, ಅವರನ್ನು ಉಳಿಸಿಕೊಳ್ಳಲು ಏನು ಮಾಡಬಹುದು ಎಂಬ ಬಗ್ಗೆ ಟಿಪ್ಪಣಿ ಬರೆದುಕೊಡುವಂತೆ ಪ್ರಾಂಶುಪಾಲರು ನನಗೆ ತಿಳಿಸಿದರು. ಇಂಥ ಟಿಪ್ಪಣಿಗಳು ಸಾಮಾನ್ಯವಾಗಿ ‘ಮಾರ್ಗದರ್ಶನ ಶಿಬಿರ ಏರ್ಪಡಿಸಬೇಕು’ ಎಂಬಲ್ಲಿಗೆ ಮುಗಿಯುತ್ತವೆ. ನನಗೆ ಅಷ್ಟಕ್ಕೇ ನಿಲ್ಲಿಸುವ ಮನಸ್ಸಿರಲಿಲ್ಲ. ಎಚ್‌ಐವಿ ಸೋಂಕಿತರಿಗೆ ಔಷಧಿ ಕೊಡುವ ಮೈಸೂರಿನ ಎಆರ್‌ಟಿ ಕೇಂದ್ರವೊಂದರಲ್ಲಿ ಆಪ್ತಸಮಾಲೋಚಕಿಯಾಗಿರುವ ಗೆಳತಿಯೊಬ್ಬಳು ಔಷಧಿ ಅರ್ಧಕ್ಕೆ ಬಿಡುವವರ ಬಗ್ಗೆಯೂ, ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ಸಿಬ್ಬಂದಿ ವಿಭಾಗ ನೋಡಿಕೊಳ್ಳುವ ನನ್ನ ತಮ್ಮ ಕೆಲಸ ಬಿಡುವವರ ಬಗ್ಗೆಯೂ ಹೇಳುತ್ತಿದ್ದುದು ನಮ್ಮ ಕಾಲೇಜಿನ ಕಥೆಯಂತೆಯೇ ಕೇಳಿಸುತ್ತಿತ್ತು. ಹಾಗಾಗಿ ಶಿಕ್ಷಣದ ಜೊತೆಗೆ ಆ ಕ್ಷೇತ್ರಗಳ ಸಂಶೋಧನೆಗಳನ್ನೂ ಓದಬೇಕೆಂದು ತೀರ್ಮಾನಿಸಿ ರಜಾದಿನಗಳಲ್ಲಿ ಮಾನಸಗಂಗೋತ್ರಿಯ ಗ್ರಂಥಾಲಯಕ್ಕೆ ಹೋಗತೊಡಗಿದೆ.

ಓದಿದ್ದನ್ನೆಲ್ಲ ಒಂದು ಉದ್ದನೆಯ ಲೆಡ್ಜರ್ ಪುಸ್ತಕದಲ್ಲಿ ಗೆರೆ ಎಳೆದು ಬರೆದುಕೊಂಡೆ. ಯಾರನ್ನು ಎಣಿಸಿದ್ದಾರೆ, ಯಾವಾಗಿನಿಂದ ಎಣಿಸಿದ್ದಾರೆ, ಬಿಟ್ಟುಹೋದದ್ದು ಹೇಗೆ ಗೊತ್ತಾಯಿತು, ಉಳಿದರೆ ಯಾರಿಗೆ ಲಾಭ ಎಂಬ ನಾಲ್ಕು ಕಾಲಂಗಳು ಅದರಲ್ಲಿದ್ದವು. ನಾಲ್ಕನೆಯದನ್ನು ಸೇರಿಸಿದ್ದು ಸ್ವಲ್ಪ ಕುಚೋದ್ಯದಿಂದ ಎಂದೇ ಹೇಳಬೇಕು, ಆದರೆ ಅದು ನಂತರ ಬಹಳ ಕೆಲಸಕ್ಕೆ ಬಂತು.

ಉನ್ನತ ಶಿಕ್ಷಣದಲ್ಲಿ ಈ ವಿಷಯದ ಚರ್ಚೆ ಅಮೆರಿಕದ ವಿನ್ಸೆಂಟ್ ಟಿಂಟೊ 1975ರಲ್ಲಿ ಪ್ರಕಟಿಸಿದ ಲೇಖನದಿಂದ ಹೊರಡುವುದು ವಾಡಿಕೆ. ಓದಿನಲ್ಲೂ ಸಹಪಾಠಿಗಳ ಬಳಗದಲ್ಲೂ ಬೆರೆತವರು ಉಳಿಯುತ್ತಾರೆ, ಬೆರೆಯದವರು ಹೊರಡುತ್ತಾರೆ ಎಂಬುದು ಅವರ ವಾದದ ತಿರುಳು. ಸಮಾಜದೊಂದಿಗಿನ ನಂಟು ಸಡಿಲವಾದಲ್ಲಿ ಆತ್ಮಹತ್ಯೆ ಹೆಚ್ಚುತ್ತದೆ ಎಂಬ ಫ್ರೆಂಚ್ ಸಮಾಜಶಾಸ್ತ್ರಜ್ಞ ಡರ್ಕ್‌ಹೈಮ್‌ನ ಸಿದ್ಧಾಂತ ಇದರ ಬೆನ್ನಿಗಿರುವುದರಿಂದ ಸಮಾಜಶಾಸ್ತ್ರದವಳಾದ ನನಗೆ ಅದು ಕೂಡಲೇ ಹಿಡಿಸಿತು. ಆದರೆ ಹಾಸ್ಟೆಲ್‌ನಲ್ಲಿದ್ದುಕೊಂಡು ಓದುವ ಹುಡುಗರನ್ನು ಕಣ್ಣ ಮುಂದಿಟ್ಟುಕೊಂಡ ಈ ಮಾದರಿ, ಬೆಳಿಗ್ಗೆ ಹಾಲು ಡೇರಿಗೆ ಹಾಕಿ, ಕೆಎಸ್‌ಆರ್‌ಟಿಸಿ ಬಸ್ಸು ಹಿಡಿದು ಬಂದು, ಮಧ್ಯಾಹ್ನದ ಬಸ್ಸಿಗೇ ಹಿಂದಿರುಗುವ ನಮ್ಮ ಮಕ್ಕಳಿಗೆ ಹೇಗೆ ಹೊಂದುತ್ತದೆ? ಇದಕ್ಕೆ ಉತ್ತರ ಸಿಕ್ಕಿದ್ದು ಜಾನ್ ಬೀನ್ ಅವರ ಬರಹಗಳಲ್ಲಿ. ಅವರು 1980ರಲ್ಲಿ ನೌಕರರು ಕೆಲಸ ಬಿಡುವುದನ್ನು ವಿವರಿಸುವ ಮಾದರಿಯನ್ನೇ ತಂದು ವಿದ್ಯಾರ್ಥಿಗಳಿಗೆ ಅನ್ವಯಿಸಿದರು. 1985ರಲ್ಲಿ ಬಾರ್ಬರಾ ಮೆಟ್ಸ್ನರ್ ಅವರೊಂದಿಗೆ ಬರೆದ ಲೇಖನದಲ್ಲಿ, ಮನೆಯಿಂದ ಓಡಾಡುವ, ದುಡಿಯುತ್ತ ಓದುವ ವಿದ್ಯಾರ್ಥಿಗಳ ವಿಷಯದಲ್ಲಿ ಕ್ಯಾಂಪಸ್ಸಿನ ಬಳಗಕ್ಕಿಂತ ಹಣ, ಉದ್ಯೋಗದ ವೇಳೆ, ಮನೆಯ ಹೊಣೆ ಮೊದಲಾದ ಹೊರಗಿನ ಸಂಗತಿಗಳೇ ಹೆಚ್ಚು ನಿರ್ಣಾಯಕ ಎಂದು ವಾದಿಸಿದರು. ನಮ್ಮಲ್ಲಿ ವಿದ್ಯಾರ್ಥಿಗಳನ್ನು ಉಳಿಸಿಕೊಳ್ಳುವ ಹೆಸರಿನಲ್ಲಿ ನಡೆಯುವ ಫ್ರೆಷರ್ಸ್ ಡೇಗಳನ್ನು ನಾನು ಅಂದಿನಿಂದ ಬೇರೆ ಕಣ್ಣಿನಿಂದ ನೋಡುತ್ತಿದ್ದೇನೆ.

ಉದ್ಯೋಗ ಕ್ಷೇತ್ರದ ಸಾಹಿತ್ಯ ಅಪಾರವಾಗಿದೆ, ಹೆಚ್ಚಿನದನ್ನು ಬೇಗ ದಾಟಿಕೊಂಡು ಹೋದೆ. ನಿಂತು ಓದಿದ್ದು ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಮಿಕರ ಬಗ್ಗೆ ಅಚ್ಯುತ ಅಧ್ವರ್ಯು, ತೆರೆಸಾ ಮೊಲಿನಾ, ಅನಂತ್ ನೈಷಧಮ್ ಅವರು ನಡೆಸಿದ ಪ್ರಯೋಗವನ್ನು. 2016ರಲ್ಲಿ ಬಂದ ಕೂಲಿ ಹೆಚ್ಚಳ ನಿರೀಕ್ಷೆಗಿಂತ ಕಡಿಮೆಯಾದಾಗ, ಲಾಟರಿಯಿಂದ ಆರಿಸಿದ ಕೆಲವು ಕಾರ್ಮಿಕರಿಗೆ ಮಾತ್ರ ಕೆಲಸ, ಮೇಲ್ವಿಚಾರಕರು, ಕೂಲಿ ಇವುಗಳ ಬಗ್ಗೆ ಹೆಸರು ಹೇಳದೆ ಅಭಿಪ್ರಾಯ ತಿಳಿಸುವ ಅವಕಾಶ ಕೊಡಲಾಯಿತು. ಹಾಗೆ ಮಾತಾಡಲು ಅವಕಾಶ ಸಿಕ್ಕವರಲ್ಲಿ ಕೆಲಸ ಬಿಡುವ ಪ್ರಮಾಣ ಉಳಿದವರಿಗಿಂತ ಸುಮಾರು 20 ಶೇಕಡಾ ಕಡಿಮೆಯಿತ್ತು. ಮದ್ದೂರು, ಮಂಡ್ಯದ ಕಡೆಯ ಗಾರ್ಮೆಂಟ್ಸ್‌ಗಳಿಗೆ ನಮ್ಮ ಹಳೆಯ ವಿದ್ಯಾರ್ಥಿನಿಯರೇ ಹೋಗುವುದರಿಂದ ಈ ಫಲಿತಾಂಶ ನನ್ನನ್ನು ಕೆಣಕಿತು. ಉಳಿದವರಿಗಿಂತ ಕೂಲಿ ಒಂದು ಪೈಸೆಯೂ ಹೆಚ್ಚು ಸಿಗದೆ, ಕೇಳಿಸಿಕೊಂಡ ಮಾತ್ರಕ್ಕೆ ಒಬ್ಬಾಕೆ ಉಳಿದಳೆಂದರೆ ಅದರಿಂದ ಕಾರ್ಖಾನೆಗೆ ಉಳಿತಾಯವಾಯಿತು ಎಂಬುದು ಸ್ಪಷ್ಟ, ಅವಳಿಗೆ ಒಳ್ಳೆಯದಾಯಿತೇ ಎಂಬುದನ್ನು ಮಾತ್ರ ಬೇರೆಯಾಗಿಯೇ ಕೇಳಬೇಕು. ನನ್ನ ನಾಲ್ಕನೆಯ ಕಾಲಂ ಇಲ್ಲಿ ಮೊದಲ ಬಾರಿಗೆ ಎರಡು ಸಾಲಿನಲ್ಲಿ ತುಂಬಿತು. ಇದಕ್ಕೆ ಪ್ರತಿಯಾಗಿ ನರ್ಸುಗಳ ಬಗ್ಗೆ ಲಿಂಡಾ ಐಕೆನ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಪೆನ್ಸಿಲ್ವೇನಿಯಾದ ಅಧ್ಯಯನ ಕೆಲಸದ ಹೊರೆಯನ್ನೇ ಅಳೆಯುತ್ತದೆ. ಒಬ್ಬ ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ ಅವರು ದಣಿದು ಬತ್ತಿಹೋಗುವ ಸಂಭವ 23 ಶೇಕಡಾ, ಕೆಲಸದಲ್ಲಿ ಅತೃಪ್ತಿಯ ಸಂಭವ 15 ಶೇಕಡಾ ಏರುತ್ತದೆ ಎಂದು ಅದು ಹೇಳುತ್ತದೆ. ಇಲ್ಲಿ ನರ್ಸಿಗೂ ರೋಗಿಗೂ ಆಸ್ಪತ್ರೆಗೂ ಹಿತ ಒಂದೇ ದಿಕ್ಕಿನಲ್ಲಿದೆ.

ವಿದ್ಯಾರ್ಥಿಗಳಿಗಾಗಿ ರೂಪಿಸಿದ ಕಾರ್ಯಕ್ರಮಗಳಲ್ಲಿ ನನಗೆ ಹೆಚ್ಚು ನಂಬಿಕೆ ಹುಟ್ಟಿಸಿದ್ದು ನ್ಯೂಯಾರ್ಕ್ ನಗರದ ಸಾರ್ವಜನಿಕ ವಿಶ್ವವಿದ್ಯಾಲಯ 2007ರಲ್ಲಿ ಆರಂಭಿಸಿದ ‘ಏಸ್ಯಾಪ್’ ಎಂಬುದು. ಶುಲ್ಕದ ಕೊರತೆ ತುಂಬುವುದು, ಪಠ್ಯಪುಸ್ತಕ, ಮೆಟ್ರೊ ಕಾರ್ಡ್, ಮೇಲಿಂದ ಮೇಲೆ ಭೇಟಿಯಾಗಲೇಬೇಕಾದ ಸಲಹೆಗಾರ, ಇವೆಲ್ಲ ಒಟ್ಟಿಗೆ ದೊರೆಯುತ್ತಿದ್ದವು. ಲಾಟರಿ ಮಾದರಿಯಲ್ಲಿ ಗುಂಪು ಮಾಡಿ ನೋಡಿದಾಗ, ಮೂರು ವರ್ಷಗಳಲ್ಲಿ ಪದವಿ ಪಡೆದವರು ಕಾರ್ಯಕ್ರಮದಲ್ಲಿದ್ದವರಲ್ಲಿ 40 ಶೇಕಡಾ, ಇಲ್ಲದವರಲ್ಲಿ 22 ಶೇಕಡಾ. ಪ್ರತಿ ವಿದ್ಯಾರ್ಥಿಗೆ ಖರ್ಚು ಹೆಚ್ಚಾದರೂ ಪ್ರತಿ ಪದವಿಗೆ ತಗಲುವ ಖರ್ಚು ಕಡಿಮೆಯಾಯಿತು. ನಮ್ಮ ಹುಡುಗಿಯರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ಸು ಉಚಿತವಾಗಿದೆ, ಆದರೆ ಬಸ್ಸು ಬರುವ ವೇಳೆ ಮತ್ತು ನಮ್ಮ ವೇಳಾಪಟ್ಟಿ ಪರಸ್ಪರ ಪರಿಚಯವೇ ಇಲ್ಲದವರಂತಿವೆ. ಒಂದು ಸೌಲಭ್ಯವನ್ನು ಮಾತ್ರ ಕಿತ್ತು ತಂದರೆ ಏಸ್ಯಾಪ್‌ನ ಫಲ ಸಿಗಲಾರದು ಎಂದು ಟಿಪ್ಪಣಿಯಲ್ಲಿ ಬರೆದೆ.

ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಮಾತ್ರ ಎಚ್‌ಐವಿ ಚಿಕಿತ್ಸೆಯ ಸಾಹಿತ್ಯ. 2007ರಲ್ಲಿ ಸಿಡ್ನಿ ರೋಸನ್ ಮತ್ತು ಸಂಗಡಿಗರು ಆಫ್ರಿಕಾದ ಚಿಕಿತ್ಸಾ ಕಾರ್ಯಕ್ರಮಗಳ ವರದಿಗಳನ್ನು ಒಟ್ಟುಗೂಡಿಸಿ, ಎರಡು ವರ್ಷದ ಕೊನೆಗೆ ಸುಮಾರು 60 ಶೇಕಡಾ ರೋಗಿಗಳಷ್ಟೇ ಚಿಕಿತ್ಸೆಯಲ್ಲಿ ಉಳಿದಿದ್ದಾರೆ ಎಂದು ತೋರಿಸಿದರು. ಉಳಿದವರು ಏನಾದರು? ಉಗಾಂಡದ ಎಂಬರಾರಾದಲ್ಲಿ ಎಲ್ವಿನ್ ಗೆಂಗ್ ಮತ್ತು ಜೊತೆಯವರು ಕಣ್ಮರೆಯಾದ ಎಲ್ಲರ ಬೆನ್ನು ಹತ್ತಲಿಲ್ಲ. ಅವರಲ್ಲಿ ಕೆಲವರನ್ನು ಮಾದರಿಯಾಗಿ ಆರಿಸಿ, ಆರಿಸಿದವರನ್ನು ಬಿಡದೆ ಹುಡುಕಿಸಿದರು. ಕೆಲವರು ತೀರಿಕೊಂಡಿದ್ದರು, ಕೆಲವರು ಹತ್ತಿರದ ಬೇರೆ ಕೇಂದ್ರದಲ್ಲಿ ಔಷಧಿ ಪಡೆಯುತ್ತಿದ್ದರು. ಕೇಂದ್ರದ ದಾಖಲೆಯಲ್ಲಿ ಇವರೆಲ್ಲ ಒಂದೇ ಖಾನೆಯಲ್ಲಿದ್ದರು.

ನಮ್ಮ ಆಫೀಸಿನ ಟಿಸಿ ಪುಸ್ತಕವನ್ನು ತೆರೆದು ನೋಡಿದಾಗ ಇದರ ಬೆಲೆ ತಿಳಿಯಿತು. ‘ಕಾಲೇಜು ಬಿಡಲು ಕಾರಣ’ ಎಂಬ ಕಾಲಂನಲ್ಲಿ ಪುಟದಿಂದ ಪುಟಕ್ಕೆ ‘ಪೋಷಕರ ಕೋರಿಕೆಯ ಮೇರೆಗೆ’ ಎಂದು ಒಂದೇ ಕೈಬರಹ, ಕೆಳಗೆ ಕೆಳಗೆ ಬರಿಯ ‘ಸದರಿ’ ಚಿಹ್ನೆ. ಟಿಸಿಯನ್ನೇ ತೆಗೆದುಕೊಳ್ಳದೆ ಹೋದವರ ಹೆಸರು ಅಲ್ಲಿಯೂ ಇಲ್ಲ. ಅದುವರೆಗೆ ನಾವು ಫೋನ್ ಎತ್ತಿದವರನ್ನು ಮಾತ್ರ ಕೇಳಿ ಶೇಕಡಾವಾರು ಹಾಕುತ್ತಿದ್ದೆವು. ಫೋನ್ ಎತ್ತುವವರು ಕಾಲೇಜಿನೊಂದಿಗೆ ಇನ್ನೂ ಅಷ್ಟಿಷ್ಟು ನಂಟು ಇಟ್ಟುಕೊಂಡವರು, ಅವರಿಂದ ಉಳಿದವರ ಬಗ್ಗೆ ಊಹಿಸುವಂತಿಲ್ಲ. ಪ್ರವೇಶಾತಿ ಪಟ್ಟಿಯಿಂದ ಬಿಟ್ಟವರ ಹೆಸರುಗಳನ್ನು ಬೇರ್ಪಡಿಸಿ, ಚೀಟಿ ಎತ್ತಿ ಸಣ್ಣ ಗುಂಪೊಂದನ್ನು ಆರಿಸಿಕೊಂಡೆವು. ಚೀಟಿಯಲ್ಲಿ ಬಂದ ಹೆಸರನ್ನು ‘ಸಿಗುವುದಿಲ್ಲ’ ಎಂದು ಬದಲಿಸುವಂತಿಲ್ಲ ಎಂಬುದೇ ನಿಯಮ. ಸಹಪಾಠಿಗಳು, ಪಂಚಾಯಿತಿಯ ಗ್ರಂಥಪಾಲಕರು, ಆಶಾ ಕಾರ್ಯಕರ್ತೆಯರು ಮನೆ ತೋರಿಸಿದರು.

ಪಾಂಡವಪುರದ ಕಡೆಯ ಹಳ್ಳಿಯೊಂದರಲ್ಲಿ ಆಲೆಮನೆಯ ಮುಂದೆ ಸಿಕ್ಕ ತಂದೆಯೊಬ್ಬರು, “ಓದಾದ ಎಲ್ ಬುಟ್ಟವ್ನೆ ಕಣ್ ಮೇಡಮ್, ಮೈಸೂರಲ್ಲಿ ಐಟಿಐ ಸೇರವ್ನೆ” ಎಂದು ನಗುತ್ತ ಹೇಳಿದರು. ನಮ್ಮ ಲೆಕ್ಕದಲ್ಲಿ ಆ ಹುಡುಗ ನಷ್ಟ, ಅವನ ಲೆಕ್ಕದಲ್ಲಿ ಲಾಭ. ಹೀಗೆ ಬೇರೆ ಕೋರ್ಸಿಗೆ ಹೋದವರು ನಾನು ಎಣಿಸಿದ್ದಕ್ಕಿಂತ ಹೆಚ್ಚಿದ್ದರು. ಮದುವೆಯಾಗಿ ಹೋದ ಹುಡುಗಿಯರ ಮನೆಗಳಲ್ಲಿ ಮಾತು ಬೇರೆಯೇ ಇತ್ತು. ಅವರಲ್ಲಿ ಕೆಲವರು ಪರೀಕ್ಷೆಗೆ ಕಟ್ಟಲು ಈಗಲೂ ಸಿದ್ಧರಿದ್ದರು, ಹೇಗೆಂದು ಕೇಳಲು ಯಾರ ಬಳಿ ಹೋಗಬೇಕೆಂಬುದು ಅವರಿಗೆ ತಿಳಿದಿರಲಿಲ್ಲ. 2021-22ರಿಂದ ಜಾರಿಯಾಗಿ 2024ರಲ್ಲಿ ಕೈಬಿಟ್ಟ ನಾಲ್ಕು ವರ್ಷದ ಪದವಿಯ ಕಾಲದಲ್ಲಿ ಸೇರಿದವರ ಪೈಕಿ, ನಡುವೆ ಪ್ರಮಾಣಪತ್ರ ಪಡೆದು ಹೊರಡುವ ಅವಕಾಶವನ್ನು ಬಳಸಿದವರನ್ನು ಬಿಟ್ಟವರೆಂದು ಎಣಿಸಬೇಕೋ ಬೇಡವೋ ಎಂಬುದನ್ನು ಸಭೆಯಲ್ಲಿ ಚರ್ಚಿಸಿ, ಬೇಡ ಎಂದು ತೀರ್ಮಾನಿಸಿದೆವು.

ಟಿಪ್ಪಣಿಯ ಆಧಾರದ ಮೇಲೆ ಆದದ್ದು ಸಣ್ಣ ಬದಲಾವಣೆಗಳು. ಬಿಟ್ಟವರನ್ನು ಬೇರೆಡೆ ಓದುತ್ತಿರುವವರು, ದುಡಿಯುತ್ತಿರುವವರು, ಮನೆಯಲ್ಲಿರುವವರು ಎಂದು ವಿಂಗಡಿಸಿ, ಮೊದಲ ಗುಂಪನ್ನು ಉಳಿಸಿಕೊಳ್ಳಲು ಯಾವ ಪ್ರಯತ್ನವನ್ನೂ ಮಾಡಬಾರದೆಂದು ಬರೆದೆ. ನ್ಯಾಕ್ ಅಂಕದ ದೃಷ್ಟಿಯಿಂದ ಈ ಸಾಲನ್ನು ತೆಗೆಯಲು ಸೂಚನೆ ಬಂತು, ನಾನು ತೆಗೆಯಲಿಲ್ಲ, ಅದು ಅನುಬಂಧಕ್ಕೆ ಸರಿಯಿತು. ಮೊದಲ ಸೆಮಿಸ್ಟರ್‌ನಲ್ಲಿ ಸತತ ಮೂರು ದಿನ ಬರದವರ ಮನೆಗೆ ತರಗತಿಯ ಮೆಂಟರ್ ಅಂದೇ ಫೋನ್ ಮಾಡುತ್ತಾರೆ. ಪ್ರಾಯೋಗಿಕ ತರಗತಿಗಳನ್ನು ಮಧ್ಯಾಹ್ನದ ಬಸ್ಸಿಗೆ ಮುಂಚೆ ಮುಗಿಯುವಂತೆ ಬೇಗ ಇಟ್ಟುಕೊಂಡಿದ್ದೇವೆ. ಇದರಿಂದ ಉಳಿದವರ ಸಂಖ್ಯೆ ಏರಿತೇ ಎಂದು ಹೇಳಲು ಹೋಲಿಕೆಯ ಗುಂಪು ನಮ್ಮಲ್ಲಿಲ್ಲ, ಆದ್ದರಿಂದ ಹಾಗೆ ಹೇಳುವುದಿಲ್ಲ. ಟಿಸಿ ಪುಸ್ತಕದಲ್ಲಿ ಈಗ ‘ಮುಂದೆ ಎಲ್ಲಿ’ ಎಂಬ ಹೊಸ ಕಾಲಂ ಇದೆ. ಗುಮಾಸ್ತರು ಅದನ್ನು ತುಂಬಲು ಮೊದಮೊದಲು ಗೊಣಗಿದರೂ, ಈ ವರ್ಷದ ಚೀಟಿ ಎತ್ತುವ ಕೆಲಸಕ್ಕೆ ಪಟ್ಟಿಯನ್ನು ಅವರೇ ಸಿದ್ಧಪಡಿಸುತ್ತಿದ್ದಾರೆ.