ಒಂದು ಚಮಚ ಲಿಂಬೆರಸ ಎಷ್ಟು ಹನಿ ಅಯೋಡಿನ್ ತಾಳಿಕೊಳ್ಳುತ್ತದೆ?

ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಮನೆಗಳಲ್ಲಿ ಬಾಳೆದಿಂಡು ಕೊಚ್ಚಲು ಕುಳಿತವರು ಮೊದಲು ಪಕ್ಕದಲ್ಲಿ ಮಜ್ಜಿಗೆ ನೀರಿನ ಪಾತ್ರೆ ಇಟ್ಟುಕೊಳ್ಳುತ್ತಾರೆ. ಗಾಳಿಗೆ ಬಿಟ್ಟ ಹೋಳು ಸ್ವಲ್ಪ ಹೊತ್ತಿನಲ್ಲೇ ಕಪ್ಪಾಗುತ್ತದೆ, ಮಜ್ಜಿಗೆಗೆ ಬಿದ್ದದ್ದು ಬೆಳ್ಳಗೆ ಉಳಿಯುತ್ತದೆ. ಈಚೆಗೆ ಇದನ್ನೂ ‘ಆಂಟಿಆಕ್ಸಿಡೆಂಟ್’ (ಉತ್ಕರ್ಷಣ ನಿರೋಧಕ) ಲೆಕ್ಕಕ್ಕೆ ಸೇರಿಸುವವರಿದ್ದಾರೆ. ಅದು ಅರ್ಧ ಸತ್ಯ. ದಿಂಡಿನೊಳಗಿನ ಸಸ್ಯ ರಾಸಾಯನಿಕಗಳಾದ ಫೀನಾಲ್‌ಗಳನ್ನು ಗಾಳಿಯ ಆಮ್ಲಜನಕದ ನೆರವಿನಿಂದ ಕಪ್ಪಾಗಿಸುವುದು ಒಂದು ಕಿಣ್ವ, ಮಜ್ಜಿಗೆಯ ಹುಳಿ ಮುಖ್ಯವಾಗಿ ಆ ಕಿಣ್ವದ ಕೈ ಕಟ್ಟುತ್ತದೆ. ಮಜ್ಜಿಗೆಯ ಬದಲು ಲಿಂಬೆ ಹಿಂಡಿದರೆ ಹುಳಿಯ ಜೊತೆಗೆ ಇನ್ನೊಂದು ಕೆಲಸವೂ ನಡೆಯುತ್ತದೆ: ಎಲೆಕ್ಟ್ರಾನ್ ಕಳೆದುಕೊಂಡ ಫೀನಾಲ್‌ಗೆ ಲಿಂಬೆಯ ‘ಸಿ’ ಜೀವಸತ್ವವು ತನ್ನ ಎಲೆಕ್ಟ್ರಾನ್ ಕೊಟ್ಟು ಅದನ್ನು ಮೊದಲಿನ ರೂಪಕ್ಕೆ ಮರಳಿಸುತ್ತದೆ. ನಿಜವಾದ ಉತ್ಕರ್ಷಣ ನಿರೋಧವೆಂದರೆ ಈ ಎರಡನೆಯದು, ಅದನ್ನು ಮನೆಯಲ್ಲೇ ಹನಿ ಎಣಿಸಿ ನೋಡಬಹುದು.

ಅದಕ್ಕೆ ಮುನ್ನ ಎದುರಾಳಿಯ ಪರಿಚಯ ಬೇಕು. ಅಣುಗಳಲ್ಲಿ ಎಲೆಕ್ಟ್ರಾನ್‌ಗಳು ಸಾಮಾನ್ಯವಾಗಿ ಜೋಡಿಯಾಗಿರುತ್ತವೆ. ಜೋಡಿ ತಪ್ಪಿದ ಒಂಟಿ ಎಲೆಕ್ಟ್ರಾನ್ ಇರುವ ಕಣವೇ ಫ್ರೀ ರ‍್ಯಾಡಿಕಲ್. 1900ರಲ್ಲಿ ಮೋಸೆಸ್ ಗೋಂಬರ್ಗ್ ಇಂಥದೊಂದನ್ನು ಮೊದಲು ಗುರುತಿಸಿದಾಗ ಅದು ಶುದ್ಧ ರಸಾಯನಶಾಸ್ತ್ರದ ವಿಷಯವಾಗಿತ್ತು. ನಮ್ಮ ಜೀವಕೋಶಗಳು ಉಸಿರಿನ ಆಮ್ಲಜನಕವನ್ನು ಬಳಸುವಾಗಲೂ ಅಲ್ಪ ಪ್ರಮಾಣದಲ್ಲಿ ಸೂಪರ್‌ಆಕ್ಸೈಡ್ ಎಂಬ ರ‍್ಯಾಡಿಕಲ್ ಹುಟ್ಟುತ್ತದೆಂಬುದು ಅನಂತರ ತಿಳಿಯಿತು. ಒಂಟಿ ಎಲೆಕ್ಟ್ರಾನ್ ಜೋಡಿಗಾಗಿ ಪಕ್ಕದ ಕೊಬ್ಬಿನ ಅಣುವಿನಿಂದ ಹೈಡ್ರೋಜನ್ ಕಸಿದರೆ ಆ ಕೊಬ್ಬು ತಾನೇ ರ‍್ಯಾಡಿಕಲ್ ಆಗಿ ಇನ್ನೊಂದರ ಮೇಲೆ ಬೀಳುತ್ತದೆ. ಹಳೆಯ ಎಣ್ಣೆಗೆ ಬರುವ ಕಮಟು ವಾಸನೆಯ ಮೂಲ ಈ ಸರಪಳಿ. ಇದೇ ಕೆಲಸ ಜೀವಕೋಶದ ಪೊರೆಯಲ್ಲೂ ನಡೆಯುತ್ತದೆ.

ಈಗ ಪ್ರಯೋಗ. ಗಾಯಕ್ಕೆ ಹಚ್ಚುವ ಕಂದು ಬಣ್ಣದ ಪೊವಿಡೋನ್ ಅಯೋಡಿನ್ ದ್ರಾವಣ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಅದರ ಒಂದು ಚಮಚಕ್ಕೆ ಒಂದು ಚಮಚ ನೀರು ಬೆರೆಸಿ ಡ್ರಾಪರ್‌ಗೆ ತುಂಬಿಕೊಳ್ಳಿ. ನೊರೆ ಬರುವ ಬಗೆಯದು ಬೇಡ; ಅಯೋಡಿನ್ ಅಲರ್ಜಿ ಇರುವವರು ಇದನ್ನು ಮುಟ್ಟದಿರುವುದೇ ಒಳ್ಳೆಯದು.

ಸೂಚಕವಾಗಿ ಗಂಜಿಯ ತೆಳಿ ಸಾಕು. ನಮ್ಮಲ್ಲಿ ಗಂಜಿ ಎಂದರೆ ಕೈ ಕುಚ್ಚಲಕ್ಕಿಯ ಪಾತ್ರೆಗೇ ಹೋಗುತ್ತದೆ, ಆದರೆ ಇಲ್ಲಿ ಬೆಳ್ತಿಗೆ (ಬಿಳಿ) ಅಕ್ಕಿಯ ತೆಳಿಯೇ ಆಗಬೇಕು. ಕೆಂಪು ಅಕ್ಕಿಯ ತವುಡಿನಲ್ಲೂ ಎಲೆಕ್ಟ್ರಾನ್ ಕೊಡಬಲ್ಲ ಪಾಲಿಫೀನಾಲ್‌ಗಳಿದ್ದು ಅವು ಲೆಕ್ಕ ಕೆಡಿಸಬಹುದು. ತೆಳಿ ಪೂರ್ತಿ ತಣಿದಿರಲಿ. ಬಿಸಿ ತೆಳಿಯಲ್ಲಿ ಅಯೋಡಿನ್ನಿನ ನೀಲಿ ಬಣ್ಣ ತಾನಾಗಿಯೇ ಮಾಯವಾಗುತ್ತದೆ, ನೋಡುವವರು ಅದನ್ನು ಲಿಂಬೆಯ ಮಹಿಮೆ ಎಂದುಕೊಳ್ಳುತ್ತಾರೆ.

ಒಂದು ಗಾಜಿನ ಲೋಟದಲ್ಲಿ ಕಾಲು ಲೋಟ ನೀರು, ಒಂದು ಚಮಚ ತೆಳಿ ಹಾಕಿ ಒಂದು ಹನಿ ಅಯೋಡಿನ್ ಬಿಡಿ, ಕೂಡಲೇ ಕಡುನೀಲಿಯಾಗುತ್ತದೆ. ಎರಡನೆಯ ಲೋಟದಲ್ಲಿ ಅಷ್ಟೇ ನೀರು, ಅಷ್ಟೇ ತೆಳಿಯ ಜೊತೆಗೆ ಸೋಸಿದ ಒಂದು ಚಮಚ ಲಿಂಬೆರಸ ಹಾಕಿ. ಈಗ ಹನಿ ಬಿದ್ದಲ್ಲಿ ನೀಲಿಯ ಒಂದು ಎಳೆ ಕೆಳಗಿಳಿಯುತ್ತದೆ, ಲೋಟವನ್ನು ಮೆಲ್ಲಗೆ ತಿರುಗಿಸುತ್ತಿದ್ದಂತೆ ಅಳಿಸಿಹೋಗುತ್ತದೆ. ಎಣಿಸುತ್ತಾ ಹೋಗಿ. ಕೊನೆಕೊನೆಗೆ ಎಳೆ ಅಳಿಸಲು ಹೆಚ್ಚು ಹೊತ್ತು ಹಿಡಿಯುತ್ತದೆ. ಇಪ್ಪತ್ತು ಸೆಕೆಂಡ್ ತಿರುಗಿಸಿದರೂ ನೀಲಿ ಉಳಿದರೆ ನಿಲ್ಲಿಸಿ, ಸಂಖ್ಯೆ ಬರೆದುಕೊಳ್ಳಿ. ಆ ಹೊತ್ತಿಗೆ ರಸದಲ್ಲಿದ್ದ ‘ಸಿ’ ಜೀವಸತ್ವ ಹೆಚ್ಚುಕಡಿಮೆ ಮುಗಿದಿರುತ್ತದೆ. ಅದು ಅಯೋಡಿನ್ನನ್ನು ಕೊಲ್ಲಲಿಲ್ಲ, ಎಲೆಕ್ಟ್ರಾನ್ ಕೊಟ್ಟು ಬಣ್ಣವಿಲ್ಲದ ಅಯೋಡೈಡ್ ಮಾಡಿತು, ತಾನು ಖರ್ಚಾಯಿತು.

ನೆಲ್ಲಿಕಾಯಿ ರಸವನ್ನು ಹಾಗೆಯೇ ಬಳಸಿದರೆ ಎಣಿಸಿ ಸುಸ್ತಾದೀತು. ಒಂದು ಚಮಚ ರಸಕ್ಕೆ ಒಂಬತ್ತು ಚಮಚ ನೀರು ಬೆರೆಸಿ, ಆ ಮಿಶ್ರಣದ ಒಂದು ಚಮಚ ತೆಗೆದುಕೊಂಡು, ಬಂದ ಸಂಖ್ಯೆಯನ್ನು ಹತ್ತರಿಂದ ಗುಣಿಸಿ. ಗೇರುಹಣ್ಣಿನ ಕಾಲದಲ್ಲಿ ಅದರ ರಸವನ್ನೂ ಪರೀಕ್ಷಿಸಬೇಕು. ಬೀಜ ತಿರುಪಿ ತೆಗೆದು ಗುಡ್ಡೆಯಲ್ಲೇ ಎಸೆಯುವ ಆ ಹಣ್ಣಿನಲ್ಲಿ ‘ಸಿ’ ಜೀವಸತ್ವ ಕಿತ್ತಳೆಗಿಂತ ಹಲವು ಪಟ್ಟು ಹೆಚ್ಚು. ಪುನರ್ಪುಳಿ (ಕೋಕಂ) ಮಾತ್ರ ಈ ಪರೀಕ್ಷೆಗೆ ಒಗ್ಗುವುದಿಲ್ಲ, ಅದರ ಕೆಂಪಿನಲ್ಲಿ ನೀಲಿ ಕಾಣಿಸದು. ಆ ಕೆಂಪೇ ಆಂಥೊಸಯನಿನ್, ಅದೂ ಉತ್ಕರ್ಷಣ ನಿರೋಧಕವೇ.

ಒಂದು ಎಚ್ಚರಿಕೆ: ಅಯೋಡಿನ್ ಇಲ್ಲಿ ಬರೀ ವೇಷ ಹಾಕಿದ ಪಾತ್ರಧಾರಿ, ಫ್ರೀ ರ‍್ಯಾಡಿಕಲ್ ಅಲ್ಲ. ಅದರ ಒಂದು ಅಣು ಎರಡು ಎಲೆಕ್ಟ್ರಾನ್ ಪಡೆಯುತ್ತದೆ, ರ‍್ಯಾಡಿಕಲ್‌ಗೆ ಒಂದೇ ಸಾಕು. ಪ್ರಯೋಗಾಲಯಗಳಲ್ಲಿ ಡಿಪಿಪಿಎಚ್ ಎಂಬ ಸ್ಥಿರವಾದ, ನಿಜವಾದ ರ‍್ಯಾಡಿಕಲ್ ಬಳಸುತ್ತಾರೆ. 1958ರಲ್ಲಿ ಬ್ಲಾಯ್ಸ್ ಎಂಬ ವಿಜ್ಞಾನಿ ಸೂಚಿಸಿದ ಈ ವಿಧಾನದಲ್ಲಿ ನೇರಳೆ ದ್ರಾವಣ ಹಳದಿಗೆ ತಿರುಗುತ್ತದೆ.

ಎಲೆಕ್ಟ್ರಾನ್ ಕೊಟ್ಟ ಅಣು ತಾನೇ ಹೊಸ ರ‍್ಯಾಡಿಕಲ್ ಆಗಬೇಕಲ್ಲವೇ ಎಂದು ಯಾರಾದರೂ ಕೇಳಬೇಕು. ಆಗುತ್ತದೆ, ಆದರೆ ಸಪ್ಪೆ ರ‍್ಯಾಡಿಕಲ್. ಒಂಟಿತನವನ್ನು ಒಂದೇ ಪರಮಾಣು ಹೊರದೆ ಅಣುವಿನ ಹಲವು ಪರಮಾಣುಗಳು ಹಂಚಿಕೊಳ್ಳುವುದರಿಂದ ಅದಕ್ಕೆ ಕಸಿಯುವ ಅವಸರವಿಲ್ಲ. ಪೊರೆಯೊಳಗೆ ಕೊಬ್ಬಿನ ಸರಪಳಿಯನ್ನು ಕಡಿದು ಹೀಗೆ ಸಪ್ಪೆಯಾದ ‘ಇ’ ಜೀವಸತ್ವಕ್ಕೆ ಪೊರೆಯಂಚಿನ ನೀರಿನಲ್ಲಿರುವ ‘ಸಿ’ ಜೀವಸತ್ವ ತನ್ನ ಎಲೆಕ್ಟ್ರಾನ್ ಕೊಟ್ಟು ಮತ್ತೆ ಕೆಲಸಕ್ಕೆ ಹಚ್ಚುತ್ತದೆ.

ಹಾನಿಕಾರಕಗಳೆಲ್ಲ ಎಲೆಕ್ಟ್ರಾನ್ ಕೊಟ್ಟು ಅಡಗಿಸುವಂಥವಲ್ಲ. ಸೂಪರ್‌ಆಕ್ಸೈಡನ್ನು ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಆಮ್ಲಜನಕವಾಗಿಸುವ ಡಿಸ್ಮ್ಯುಟೇಸ್ ಕಿಣ್ವವನ್ನು ಮೆಕಾರ್ಡ್ ಮತ್ತು ಫ್ರಿಡೊವಿಚ್ 1969ರಲ್ಲಿ ಪ್ರಕಟಿಸಿದರು. ಆ ಪೆರಾಕ್ಸೈಡನ್ನು ಕೆಟಲೇಸ್ ಕಿಣ್ವ ನೀರು, ಆಮ್ಲಜನಕವಾಗಿ ಒಡೆಯುತ್ತದೆ. ಮೊಣಕಾಲ ಗಾಯಕ್ಕೆ ಪೆರಾಕ್ಸೈಡ್ ಸುರಿದಾಗ ಉಕ್ಕುವ ಬಿಳಿ ನೊರೆ ಈ ಕೆಲಸವೇ. ಒಡೆಯುವ ಮೊದಲೇ ಅದಕ್ಕೆ ಬಿಡಿ ಕಬ್ಬಿಣದ ಅಯಾನು ಸಿಕ್ಕಿದರೆ ಎಲ್ಲಕ್ಕಿಂತ ಉಗ್ರವಾದ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟುತ್ತದೆ. ಆದ್ದರಿಂದ ಲೋಹವನ್ನು ಹಿಡಿದಿಟ್ಟುಕೊಳ್ಳುವ ಪ್ರೋಟೀನ್‌ಗಳೂ, ಕೆಲವು ಸಸ್ಯಜನ್ಯ ಪಾಲಿಫೀನಾಲ್‌ಗಳೂ ಇನ್ನೊಂದು ಬಗೆಯ ಕಾವಲು.

ಹೆಚ್ಚು ಹನಿ ತಾಳಿದ ರಸವೇ ದೇಹಕ್ಕೆ ಹೆಚ್ಚು ಔಷಧಿ ಎಂಬ ತೀರ್ಮಾನಕ್ಕೆ ಲೋಟದಲ್ಲಿ ಆಧಾರವಿಲ್ಲ. ಫಿನ್ಲೆಂಡಿನಲ್ಲಿ 29,133 ಧೂಮಪಾನಿ ಪುರುಷರ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೊಟಿನ್ ಎಂಬ ಉತ್ಕರ್ಷಣ ನಿರೋಧಕ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಇಳಿಯುವ ಬದಲು ಶೇ 18ರಷ್ಟು ಹೆಚ್ಚಾಯಿತು. ಪುನರ್ಪುಳಿ ಸಾರು, ನೆಲ್ಲಿಕಾಯಿ ತಂಬುಳಿಗಳನ್ನು ಊಟವಾಗಿ ಉಣ್ಣುವುದು ಬೇರೆ, ಒಂದೇ ಅಣುವನ್ನು ಗುಳಿಗೆಯಾಗಿ ನುಂಗುವುದು ಬೇರೆ.

ಲೋಟದ ನೀರನ್ನು ಯಾರೂ ಕುಡಿಯದಂತೆ ಕೂಡಲೇ ಚೆಲ್ಲಿ. ಬೆರಳಿಗೆ ಅಯೋಡಿನ್ನಿನ ಕಂದು ಕಲೆ ಹತ್ತಿದ್ದರೆ ಸೋಪು ಹುಡುಕಬೇಕಾಗಿಲ್ಲ, ಹಿಂಡಿ ಬಿಟ್ಟ ಲಿಂಬೆಯ ಹೋಳನ್ನು ಅದರ ಮೇಲೆ ಎರಡು ಸಲ ಉಜ್ಜಿ. ಲೋಟದಲ್ಲಿ ನಡೆದದ್ದೇ ಬೆರಳಿನ ಮೇಲೂ ನಡೆದು ಕಲೆ ಹೋಗುತ್ತದೆ.